ಎಡಗಡೆಯ ಮಡ್‌ಗಾರ್ಡು

೨೦ ನವೆಂಬರ್ ೧೯೭೭, ಭಾನುವಾರ. ಸಿಂದಗಿ

ಗಾಡಿ ಮನೆಗೆ ಬಂತು. ಮೋಟಾರು ಗಾಡಿಯನ್ನು ಎತ್ತುಗಳು ಎಳೆಯುವುದನ್ನು ನೋಡಲು ದೇವರ ಹಿಪ್ಪರಗಿಯಿಂದ ಸಿಂದಗಿಯವರೆಗೆ ದಾರಿಯುದ್ದಕ್ಕೂ ಜನ ನಿಂತಿದ್ದರು. ನಾನು ಒಳಗೆ ಕೂತು ಸ್ಟೇರಿಂಗು ಹಿಡಿದಿದ್ದೆ. ಒಬ್ಬ ಮುದುಕ, "ಡ್ರೈವರ್ ಸಾಹೇಬ್ರ, ಹಾರ್ನ್ ತಗದು ಎತ್ತಿನ ಕೋಡಿಗಿ ಕಟ್ರಿ" ಎಂದ. ನಾನೂ ನಕ್ಕೆ. ನಗದೆ ಏನು ಮಾಡುವುದು.

ಎಡಗಡೆಯ ಮಡ್‌ಗಾರ್ಡು ಹೋಗಿದೆ. ಹೋಗಿದೆ ಎಂದರೆ ಬಾಗಿದ್ದಲ್ಲ, ನೆಗ್ಗಿದ್ದಲ್ಲ. ಹಳೆಯ ಬುಟ್ಟಿ ಹರಿದ ಹಾಗೆ ಹರಿದು, ಅದರ ಚೂರೊಂದು ಟಾಯರಿಗೆ ಕಚ್ಚಿಕೊಂಡಿತ್ತು. ಲ್ಯಾಂಡ್‌ಮಾಸ್ಟರ್ ಗಾಡಿಯ ಅಂದ ಇರುವುದೇ ಆ ಎರಡು ಭುಜಗಳಲ್ಲಿ. ದೀಪದ ಬಟ್ಟಲಿನಿಂದ ಶುರುವಾಗಿ ಬಾಗಿಲಿನವರೆಗೆ ಕೋಣನ ಹೆಗಲಿನಂತೆ ಇಳಿದು ಬರುತ್ತಿದ್ದವು. ಇಂಡಿ ಸ್ಟೇಶನ್ನಿನಲ್ಲಿ ರೈಲು ಇಳಿದವರು ಬೇರೆ ಬಾಡಿಗೆ ಗಾಡಿ ಬಿಟ್ಟು ನನ್ನದನ್ನೇ ಹುಡುಕಿಕೊಂಡು ಬರುತ್ತಿದ್ದರು. ಈಗ ಎಡ ಚಕ್ರ ಬರಿಮೈಯಲ್ಲಿ ನಿಂತಿದೆ.

ಆದದ್ದು ಇಷ್ಟು. ದೀಪಾವಳಿ ಮುಗಿಸಿ ಹೆಂಡತಿ ಸುಂದರವ್ವನನ್ನು ಅವಳ ತವರು ಹೂವಿನ ಹಿಪ್ಪರಗಿಯಿಂದ ಕರೆದುಕೊಂಡು ಹೊರಟಿದ್ದೆ. ಊರು ದಾಟಿದ ಕೂಡಲೇ ಹಳ್ಳದ ಸೇತುವೆಯ ಮೇಲೆ ಹತ್ತಿ ಹೇರಿದ ಲಾರಿ ಎದುರಿಗೆ ಬಂತು. ಎಡಕ್ಕೆ ತೆಗೆದೆ. ಸೇತುವೆಯ ಕಲ್ಲು ಗಾಡಿಯ ಎಡಮೈ ಸವರಿಕೊಂಡು ಹೋಯಿತು, ರೇಡಿಯೇಟರೂ ಒಡೆಯಿತು. ಸುಂದರವ್ವ ಆ ಕಡೆಗೆ ಕೂತಿದ್ದಳು. ಅವಳ ಎಡಗೈ ಮುರಿದಿದೆ, ಮೊಣಕೈ ಹತ್ತಿರ. ಮರಳಿ ತವರಿಗೇ ಹೊತ್ತುಕೊಂಡು ಹೋದೆವು. ಆ ಊರಲ್ಲಿ ಹುಲಿಗೆವ್ವ ಎಂಬ ಮುದುಕಿ ಇದ್ದಾಳೆ, ಕುರಿಗೂ ಮನುಷ್ಯರಿಗೂ ಎಲುಬು ಕೂಡಿಸಿ ಕಟ್ಟುವವಳು. ಅವಳು ಕಟ್ಟಿದ್ದಾಳೆ.

ಮಾವ ಪರಸಪ್ಪ ನನ್ನ ಸಂಗಡ ಮಾತಾಡಲಿಲ್ಲ. ಗಾಡಿಯ ಮುಂದೆ ಹೋಗಿ ನಿಂತು, "ಈ ಮಾರಿ ನನ್ನ ಬಾಗಲಿಗಿ ಮತ್ತ ಬರಬಾರ್ದು" ಎಂದರು. ಗಾಡಿಯ ಮುರಿದ ಮುಖಕ್ಕೇ ಅಂದದ್ದು ಎಂದುಕೊಂಡೆ.

ನಾನು ನಿರ್ಧರಿಸಿದ್ದೇನೆ. ಒಂದು ಗೆರೆಯೂ ಕಾಣದ ಹಾಗೆ ಗಾಡಿ ಸರಿ ಮಾಡುತ್ತೇನೆ. ಆಮೇಲೆ ಅದರಲ್ಲೇ ಹೋಗಿ ಸುಂದರವ್ವನನ್ನು ಕರೆತರುತ್ತೇನೆ. ಅಲ್ಲಿಯವರೆಗೆ ಆ ಊರಿಗೆ ಯಾವ ಮುಖ ಹೊತ್ತು ಹೋಗಲಿ.


೨೭ ನವೆಂಬರ್, ಭಾನುವಾರ

ರೇಡಿಯೇಟರಿಗೆ ಬೆಸುಗೆ ಆಯಿತು. ಎಂಜಿನ್ ಹಾಡುತ್ತಿದೆ. ಮಡ್‌ಗಾರ್ಡು ಮಾತ್ರ ಎಲ್ಲಿಯೂ ಇಲ್ಲ. ವಿಜಾಪುರದಲ್ಲಿ ಕೇಳಿದರೆ, ಈ ಗಾಡಿ ಇನ್ನೂ ಓಡುತ್ತಿದೆಯೇ ಎಂದು ನನ್ನನ್ನೇ ಕೇಳಿದರು. ಮುದ್ದೇಬಿಹಾಳದಲ್ಲಿ ಇಂಥದೇ ಒಂದು ಗಾಡಿ ಮೂಲೆಗೆ ಬಿದ್ದಿದೆ ಎಂದು ಕೇಳಿ ಅಲ್ಲಿಗೂ ಹೋದೆ. ಅದರ ಮಡ್‌ಗಾರ್ಡು ಬಿಚ್ಚಿ ಮಗುಚಿಟ್ಟು ದನಕ್ಕೆ ಹಿಂಡಿ ಕಲಸುತ್ತಿದ್ದರು. ತುಕ್ಕು ತಿಂದು ಜರಡಿಯಾಗಿತ್ತು.

ಅವ್ವ ರೊಟ್ಟಿ ಹಾಕುತ್ತ ಹೇಳಿದಳು, "ಹೆಂಡ್ತಿ ಕೈ ಹ್ಯಾಂಗೈತಿ ನೋಡಾಕ ಹಿಪ್ಪರಗಿ ದೂರ ಆಗತೈತಿ. ತಗಡ ನೋಡಾಕ ಮುದ್ದೇಬಿಹಾಳ ಸಮೀಪ ಆತೇನೋ?"

ಅವ್ವನಿಗೆ ಈ ವಿಷಯ ತಿಳಿಯುವುದಿಲ್ಲ.

ಸಂಜೆ ಅಮೀನುದ್ದೀನ ಬಂದ. ಸಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನು, ಈಗ ಸೊಲ್ಲಾಪುರದಲ್ಲಿ ಕೆಲಸ. ಗಾಡಿಯ ಸುತ್ತ ಒಂದು ಸುತ್ತು ಹಾಕಿ, "ಲೇ ಸಿದ್ದ್ಯಾ, ತಗಡಿನ ಆಸೆ ಬಿಡು. ಗಾಜಿಂದು ಮಾಡ್ಕೋ" ಎಂದ.

"ಗಾಜಿಂದಾ? ಒಂದು ಹರಳು ಸಿಡದ್ರ ಸಾಕು, ಚೂರಾಗತೈತಿ."

"ಒಡಿಯೂ ಗಾಜಲ್ಲೋ ಮಾರಾಯ. ಗಾಜಿನ ನೂಲು. ಅರಿವಿ ಇದ್ದಂಗ ಇರತೈತಿ. ಅದಕ್ಕ ಅಂಟು ಕುಡಿಸಿದ್ರ ಒಂದು ತಾಸಿನಾಗ ಕಲ್ಲಾಗತೈತಿ. ನಾವು ಅದರಾಗ ನೀರಿನ ಟಾಕಿ ಮಾಡತೇವಿ. ಮನ್ನೆ ಒಬ್ಬಾಂವ ಜೀಪಿನ ಟಾಪು ಮಾಡಿಸ್ಕೊಂಡು ಹ್ವಾದ. ಫೈಬರ್ ಗ್ಲಾಸ್ ಅಂತಾರ."

"ಮನ್ಯಾಗ ಮಾಡಾಕ ಬರತೈತೇನು?"

"ಬಾಯಿ ಮುಚ್ಚಿಕೊಂಡು ಹೇಳಿದಂಗ ಕೇಳಿದ್ರ ಬರತೈತಿ. ನಿನಗ ಬರತೈತೋ ಇಲ್ಲೋ ಅಲ್ಲಾನಿಗೇ ಗೊತ್ತು."


೬ ಡಿಸೆಂಬರ್, ಮಂಗಳವಾರ

ಸೊಲ್ಲಾಪುರದ ಬಸ್ಸಿನ ಮೇಲೆ ಸಾಮಾನು ಬಂತು. ಜೇನಿನಂಥ ದಪ್ಪ ಅಂಟಿನ ಒಂದು ಡಬ್ಬಿ, ಅದಕ್ಕೆ ರೆಜಿನ್ ಎನ್ನುತ್ತಾರೆ. ಎರಡು ಬಾಟಲಿ. ಗಾಜಿನ ನಾರಿನ ಒಂದು ಸುರುಳಿ, ನೋಡಲು ತೊಳೆದ ಕುರಿಯ ಉಣ್ಣೆಯ ಹಾಗೆ ಬೆಳ್ಳಗಿದೆ.

ಅಮೀನುದ್ದೀನ ಮೂರು ಸಲ ಹೇಳಿಸಿ ನನ್ನಿಂದ ಪಾಠ ಒಪ್ಪಿಸಿಕೊಂಡಿದ್ದ. ನೇರಳೆ ಬಾಟಲಿಯದನ್ನು ಮೊದಲು ರೆಜಿನ್ನಿಗೆ ಹನಿಸಿ ಪೂರ್ತಿ ಕಲಸಬೇಕು. ನೀರಿನಂತಿರುವುದನ್ನು ಬಳಿಯುವ ಹೊತ್ತಿಗಷ್ಟೇ ಹಾಕಬೇಕು. ಅದು ಬಿದ್ದ ಮೇಲೆ ರೆಜಿನ್ ಯಾರ ಮಾತೂ ಕೇಳುವುದಿಲ್ಲ, ಗಟ್ಟಿಯಾಗುತ್ತಲೇ ಹೋಗುತ್ತದೆ. ಎರಡು ಬಾಟಲಿಯನ್ನೂ ನೇರ ಒಂದಕ್ಕೊಂದು ಕೂಡಿಸಿದರೆ ಸಿಡಿಯುತ್ತದೆ. ಅಚ್ಚಿಗೆ ಮೇಣ ಸವರದೆ ಬಳಿದರೆ ಜನ್ಮಕ್ಕೆ ಬಿಡುವುದಿಲ್ಲ.

ಕೊನೆಯದನ್ನು ಮರೆತಿದ್ದೆ. ಮೊದಲು ಸಣ್ಣದೊಂದು ತುಂಡು ಮಾಡಿ ನೋಡೋಣ ಎಂದು ಅವ್ವನ ಹಿತ್ತಾಳೆ ತಾಟಿನ ಬೆನ್ನಿಗೆ ಬಳಿದೆ. ಕಲ್ಲಾಯಿತು. ಬಿಡಲಿಲ್ಲ. ಉಳಿ ತಂದೆ, ಬಿಸಿನೀರು ಹಾಕಿದೆ. ಈಗ ಅದು ಒಂದು ಕಡೆ ಹಿತ್ತಾಳೆ, ಒಂದು ಕಡೆ ಗಾಜು.

ಮನೆಯೆಲ್ಲ ಸುಟ್ಟ ಚಪ್ಪಲಿಯ ವಾಸನೆ. ಗಾಜಿನ ನಾರು ಕತ್ತರಿಸಿದ್ದಕ್ಕೆ ಕುತ್ತಿಗೆ, ಮೊಣಕೈ ಮಡಿಕೆ ಎಲ್ಲ ಕಡೆ ನವೆ. ತೊಳೆದಷ್ಟೂ ಹೆಚ್ಚುತ್ತದೆ.


೧೦ ಡಿಸೆಂಬರ್, ಶನಿವಾರ

ರೋಷನಬಿ ಬಂದಿದ್ದಳು. ಬಳೆಯ ಮಲಾರ ಹೊತ್ತು ಸಿಂದಗಿಯಿಂದ ಬಸವನ ಬಾಗೇವಾಡಿಯವರೆಗೆ ಊರೂರು ತಿರುಗುವವಳು, ಯಾವ ಮನೆಯ ಸುದ್ದಿಯೂ ಅವಳಿಗೆ ಗೊತ್ತು.

"ನಿಮ್ಮ ಮನಿಯಾಕಿನ್ನ ನೋಡಿ ಬಂದೆ ಸಿದ್ದರಾಯಣ್ಣ. ಭುಜದಿಂದ ಮುಂಗೈ ಮಟಾ ಕಟ್ಟ್ಯಾಳ ಹುಲಿಗೆವ್ವ. ಕಟ್ಟು ಅಂದ್ರ ಕಲ್ಲಾಗೇತಿ ನೋಡು."

"ಕಲ್ಲಾಗೇತಿ? ಏನ ಹಚ್ಚ್ಯಾಳ?"

"ಉದ್ದಿನ ಹಿಟ್ಟು, ತತ್ತಿ ಲೋಳಿ. ಹಳೇ ಧೋತರ ಹರದು ಪಟ್ಟಿ ಮಾಡಿ, ಅದರಾಗ ಎದ್ದಿ ಎದ್ದಿ ಸುತ್ತಿದ್ಳಂತ."

"ಪದರ ಎಷ್ಟು?"

"ಅದನ್ಯಾರು ಎಣಸ್ತಾರೋ ಯಪ್ಪಾ."

"ನಡಕ ಗಾಳಿ ಉಳದ್ರ? ಒತ್ತಿ ತಗದ್ಳೇನು?"

"ಹೆಬ್ಬಟ್ಟಲೆ ಸವರಿದ್ಳಂತ. ಒಳಗ ಬಿದಿರಿನ ದಬ್ಬಿ ಇಟ್ಟಾಳ, ಬಗ್ಗಬಾರ್ದು ಅಂತ."

"ದಬ್ಬಿ ಉದ್ದಕ್ಕ ಇಟ್ಟಾಳೋ ಅಡ್ಡಕ್ಕೋ?"

ರೋಷನಬಿ ಮಲಾರ ಎತ್ತಿ ಹೆಗಲಿಗೆ ಹಾಕಿಕೊಂಡಳು. "ಎಲ್ಲಾ ಕೇಳಿದಿ ಅಣ್ಣಾ. ಆಕಿಗಿ ನೋವು ಐತೋ ಇಲ್ಲೋ, ಅದೊಂದು ಕೇಳಲಿಲ್ಲ" ಎಂದು ಹೊರಟುಹೋದಳು.

ಕೇಳುವವನೇ ಇದ್ದೆ. ಅಷ್ಟರಲ್ಲಿ ಎದ್ದಳು. ಈ ಬಳೆಗಾರರಿಗೆ ನಿಂತಲ್ಲಿ ನಿಲ್ಲುವ ಅಭ್ಯಾಸವೇ ಇಲ್ಲ.

ದಬ್ಬೆಯ ಉಪಾಯ ಮಾತ್ರ ಬಹಳ ಚೆನ್ನಾಗಿದೆ. ಮಡ್‌ಗಾರ್ಡಿನ ಅಂಚಿಗೆ ನಾನೂ ಬಿದಿರು ಇಡುತ್ತೇನೆ.


೧೬ ಡಿಸೆಂಬರ್

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಸುಟ್ಟಿದೆ. ಹೆಚ್ಚು ಆಗದು.


೧೯ ಡಿಸೆಂಬರ್, ಸೋಮವಾರ

ಇಂದು ಸ್ವಲ್ಪ ಬರೆಯುತ್ತೇನೆ. ಅಕ್ಷರ ಒಂದನೇ ಇಯತ್ತೆಯವನ ಹಾಗೆ ಬರುತ್ತಿದೆ.

ಚಳಿಗೆ ರೆಜಿನ್ ಕಾಕಂಬಿಯಷ್ಟು ದಪ್ಪವಾಗಿತ್ತು. ಎರಡೂ ಬಾಟಲಿಯದನ್ನು ಹಾಕಿ ಕಲಸಿದರೂ ಬ್ರಷ್ಷಿಗೆ ಬಗ್ಗಲಿಲ್ಲ. ಅವ್ವ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಅವಳ ತವರಿನಲ್ಲಿ ಕಂಬಳಿ ನೇಯುತ್ತಿದ್ದರು. ಮಗ್ಗದಿಂದ ಇಳಿದ ಕಂಬಳಿಯನ್ನು ಎಳೆದು ಕಟ್ಟಿ, ಬಿರುಸಾಗಲೆಂದು ಹುಣಸೆ ಬೀಜದ ಗಂಜಿ ಬಳಿಯುತ್ತಿದ್ದರು. "ಥಂಡಿಗಿ ಗಂಜಿ ದಪ್ಪಾದ್ರ ನಮ್ಮಪ್ಪ ಕೆಂಡದ ಮ್ಯಾಲ ಇಟ್ಟು ಬೆಚ್ಚಗ ಮಾಡತಿದ್ದ. ನೀರಾಗತೈತಿ" ಎಂದಳು. ನಾನೂ ಚಿಕ್ಕಂದಿನಲ್ಲಿ ಅಜ್ಜನ ಕೆಂಡಕ್ಕೆ ಗಾಳಿ ಹಾಕಿದವನೇ. ಸರಿ ಅನ್ನಿಸಿತು. ರೆಜಿನ್ ಕಲಸಿದ್ದ ತಂಬಿಗೆಯನ್ನು ಹಾಗೇ ಒಲೆಯ ಕೆಂಡದ ಮೇಲಿಟ್ಟೆ.

ಒಂದು ಕ್ಷಣ ನೀರಾಯಿತು. ಆಮೇಲೆ ಒಮ್ಮೆಲೇ ಉಸಿರು ಬಿಟ್ಟ ಹಾಗೆ ಬಿಳಿ ಹೊಗೆ. ಒಳಗಿದ್ದದ್ದು ಕುದಿಯುತ್ತ ಕುದಿಯುತ್ತಲೇ ಕಲ್ಲಾಗುತ್ತಿತ್ತು. ಕೆಂಡದ ಮೇಲೆ ಉರಿ ಹತ್ತಿದರೆ ಮನೆ ಹೋಗುತ್ತದೆಂದು ಬರಿಗೈಯಲ್ಲಿ ತಂಬಿಗೆ ಹಿಡಿದು ಅಂಗಳಕ್ಕೆ ಎಸೆದೆ. ಅಂಗೈಯ ಚರ್ಮ ತಂಬಿಗೆಗೆ ಅಂಟಿ ಹೋಯಿತು.

ಅವ್ವ ಅಂದಿನಿಂದ ಕಂಬಳಿಯ ಮಾತು ಎತ್ತಿಲ್ಲ. ನಾನೂ ಅವಳಿಗೆ ಏನೂ ಅಂದಿಲ್ಲ. ಗಂಜಿ ಬೆಚ್ಚಗಾದರೆ ನೀರಾಗುತ್ತದೆ ಎನ್ನುವುದು ಸುಳ್ಳೇನಲ್ಲ.


೨೨ ಡಿಸೆಂಬರ್

ಅಂಗಿಯ ಗುಂಡಿಗೆ ಎರಡು ಕೈ ಬೇಕು. ಇಷ್ಟು ಸಣ್ಣ ಗುಂಡಿಗೆ. ಅವ್ವ ಹಾಕಿದಳು.

ರೊಟ್ಟಿ ಒಂದೇ ಕೈಯಲ್ಲಿ ಮುರಿಯಲು ಹೋದರೆ ತಾಟಿನ ಸಮೇತ ಸರಿದುಹೋಗುತ್ತದೆ. ಅವ್ವ ಮುರಿದು ಹಾಲಿನಲ್ಲಿ ಹಾಕಿಕೊಟ್ಟಳು. ಎರಡು ದಿನ ತಲೆ ಬಾಚಿಲ್ಲ. ಧೋತರದ ಗಂಟಿಗೆ ಯಾರನ್ನು ಕರೆಯುವುದು ಎಂದು ಅದರ ಬದಲು ಪೈಜಾಮ ಹಾಕಿಕೊಂಡಿದ್ದೇನೆ, ಅದರ ಲಾಡಿಗೂ ಅದೇ ಗತಿ.

ಬೆಳಿಗ್ಗೆ ಸುಮ್ಮನೆ ಕೂತಿದ್ದಾಗ ಹೊಳೆಯಿತು: ಸುಂದರವ್ವನಿಗೆ ಮುರಿದದ್ದು ಎಡಗೈ, ಬಲಗೈ ಅಲ್ಲ. ಅಷ್ಟು ವಾಸಿ. ಆದರೆ ಸೀರೆ ಉಡುವುದು ಹೇಗೋ.


೩೦ ಡಿಸೆಂಬರ್, ಶುಕ್ರವಾರ

ಅಂಗೈ ಮಾಯುತ್ತಿದೆ. ಬೆರಳು ಮಡಚಿದರೆ ಹೊಸ ಚರ್ಮ ಬಿರಿಯುತ್ತದೆ.

ಮೊನ್ನೆ ಒಳ್ಳೆಯ ಬಿಸಿಲಿತ್ತು. ಗಾಡಿಯಲ್ಲಿ ಉಳಿದಿರುವ ಬಲ ಮಡ್‌ಗಾರ್ಡನ್ನೇ ಅಚ್ಚು ಮಾಡಿಕೊಂಡೆ. ಅದಕ್ಕೆ ಮೇಣ ಸವರಿ, ಒರೆಸಿ, ಮತ್ತೆ ಸವರಿ, ಅದರ ಮೇಲೆ ನಾರಿನ ಪದರ ಹಾಸಿ ರೆಜಿನ್ ಕುಡಿಸಿದೆ. ಹುಲಿಗೆವ್ವನ ಹಾಗೆ ಹೆಬ್ಬೆಟ್ಟಿನಿಂದ ಗಾಳಿ ಒತ್ತಿ ತೆಗೆದೆ. ಅಂಚಿಗೆ ಬಿದಿರಿನ ದಬ್ಬೆ. ಮರುದಿನ ಕಿತ್ತಾಗ ಮಾಗಿದ ಬಾಳೆಹಣ್ಣು ಸಿಪ್ಪೆ ಬಿಟ್ಟ ಹಾಗೆ ಬಿಟ್ಟಿತು! ನೆರೆಯವರೆಲ್ಲ ಬಂದರು. ಬೆರಳಿನಿಂದ ಬಾರಿಸಿ ನೋಡಿದರು. ಒಬ್ಬ ಅದರ ಮೇಲೆ ಕೂತೂ ನೋಡಿದ. ಏನೂ ಆಗಲಿಲ್ಲ. ಇಂಥ ಸಂತೋಷ ಈ ವರ್ಷದಲ್ಲಿ ಕಂಡಿರಲಿಲ್ಲ.

ಎತ್ತಿಕೊಂಡು ಹೋಗಿ ಎಡಗಡೆಗೆ ಹಿಡಿದೆ. ದೀಪದ ತೂತು ಬಾಗಿಲಿನ ಕಡೆಗೆ ಬಂತು. ತಿರುಗಿಸಿ ಹಿಡಿದೆ. ಅದರ ಉಬ್ಬಿದ ಹೊಟ್ಟೆ ಒಳಗೆ ಹೋಯಿತು. ಮಗುಚಿ ಹಿಡಿದೆ.

ಜನ ಒಬ್ಬೊಬ್ಬರೇ ಮನೆಗೆ ಸರಿದರು. ಅವ್ವ ಮಾತ್ರ, "ಬಲಗಾಲಿನ ಜೋಡು ಎಡಗಾಲಿಗಿ ಹಾಕ್ಕೊಂಡಂಗ ಆತಲ್ಲೋ ತಮ್ಮಾ" ಎಂದಳು. ಅವಳಿಗೂ ನಗು ಬರಲಿಲ್ಲ, ನನಗೂ ಬರಲಿಲ್ಲ. ಬಲಗಡೆಯಿಂದ ತೆಗೆದ ಅಚ್ಚು ಬಲಗಡೆಯದೇ ಆಗುತ್ತದೆ ಎಂದು ಇಷ್ಟು ದಿನದಲ್ಲಿ ಒಮ್ಮೆಯೂ ನನಗೆ ತೋರಲಿಲ್ಲ. ಅಮೀನುದ್ದೀನನೂ ಹೇಳಲಿಲ್ಲ. ಯಾರಾದರೂ ಇದನ್ನೂ ಹೇಳಬೇಕಾಗುತ್ತದೆ ಎಂದು ಅವನಿಗೆ ಅನ್ನಿಸಿರಲಿಕ್ಕಿಲ್ಲ.

ಸಂಜೆ ಹೂವಿನ ಹಿಪ್ಪರಗಿ ಬಸ್ಸಿನ ಕಂಡಕ್ಟರ್ ಮಾವನ ಮಾತು ತಲುಪಿಸಿದ. ಸೋಮವಾರ ಕಟ್ಟು ಬಿಚ್ಚುತ್ತಾರೆ, ಬರಲು ಹೇಳಿದ್ದಾರೆ.

ಹೇಗೆ ಹೋಗಲಿ? ಎಡಗಡೆ ಖಾಲಿಯೇ ಇದೆ.


೨ ಜನವರಿ ೧೯೭೮, ಸೋಮವಾರ

ಇಂದು ಅಲ್ಲಿ ಕಟ್ಟು ಬಿಚ್ಚುತ್ತಾರೆ.

ಕೆರೆಯ ಮಣ್ಣು ತಂದು ಎಡಗಡೆಯ ಆಕಾರವನ್ನು ಕೈಯಿಂದಲೇ ತಿದ್ದುತ್ತಿದ್ದೇನೆ. ಮಣ್ಣು ಪೂರ್ತಿ ಒಣಗಬೇಕು. ಹಸಿ ಇದ್ದರೆ ರೆಜಿನ್ ಜಿಗುಟಾಗಿಯೇ ಉಳಿಯುತ್ತದಂತೆ. ಆಕಾರ ನೋಡಲು ಗೋಡೆಯ ಮಾಡದಲ್ಲಿದ್ದ ಸುಂದರವ್ವನ ಕನ್ನಡಿಯನ್ನು ಬಲ ಮಡ್‌ಗಾರ್ಡಿನ ಪಕ್ಕ ಹಿಡಿದೆ. ಕನ್ನಡಿಯಲ್ಲಿ ಅದು ಎಡಗಡೆಯದಾಗಿ ಕಾಣುತ್ತದೆ. ಕನ್ನಡಿ ಸಣ್ಣದು. ಒಮ್ಮೆಗೆ ಗೇಣಿನಷ್ಟೇ ಕಾಣುತ್ತದೆ. ನಡುನಡುವೆ ನನ್ನ ಗಡ್ಡವೂ ಕಾಣುತ್ತದೆ.

ಮಧ್ಯಾಹ್ನ ಬಿಚ್ಚಿರಬಹುದೇ. ಕತ್ತರಿಸಿ ತೆಗೆಯುತ್ತಾರೋ, ನೆನೆಸಿ ತೆಗೆಯುತ್ತಾರೋ.

ಇಂದು ಕೆಲಸ ಸಾಗಲಿಲ್ಲ.


೫ ಜನವರಿ, ಗುರುವಾರ

ಮಣ್ಣಿನ ಅಚ್ಚು ಒಣಗಿತ್ತು. ಮೇಣ ಸವರಿ, ರೆಜಿನ್ ಕಲಸಿ, ಬ್ರಷ್ಷು ಅದ್ದುವ ಹೊತ್ತಿಗೆ ರೋಷನಬಿ ಅಂಗಳಕ್ಕೆ ಬಂದಳು. ಈ ಸಲ ಮಲಾರ ಇಳಿಸಲಿಲ್ಲ. ನಿಂತೇ ಮಾತಾಡಿದಳು.

"ಕಟ್ಟು ಬಿಚ್ಚಿದ್ರು ಸಿದ್ದರಾಯಣ್ಣ. ಎಲುಬು ಕೂಡೇತಿ. ಕೈ ಮಾತ್ರ ಕಟ್ಟಿದಂಗ ನಿಂತೇತಿ. ಬಗ್ಗವಲ್ಲದು."

"ಬಗ್ಗವಲ್ಲದು ಅಂದ್ರ?"

"ಬಾಯಿಗಿ ಬರವಲ್ಲದು, ತಲಿಗಿ ಬರವಲ್ಲದು. ತುರುಬು ಅವ್ರವ್ವ ಕಟ್ಟತಾಳ. ನಾ ಆ ಕೈಗಿ ಬಳಿ ಏರಸೂ ಮುಂದ ಆಕಿ ಏನಂದ್ಳು ಗೊತ್ತೈತೇನು? 'ಯಾಕ ಸುಮ್ನ ಬಳಿ ಕೆಡಸ್ತಿ ರೋಷನಬಿ, ನಮ್ಮ ಮನಿಯವ್ರು ಈ ಕೈ ಸಲುವಾಗಿ ನನ್ನ ಬಿಟ್ಟಾರ' ಅಂದ್ಳು. ಅವ್ರಪ್ಪನೂ ಅದs ಅಂತಾನ. ರೊಟ್ಟಿ ಬಡಿಯಾಕ ಬರದಾಕಿನ್ನ ಯಾವ ಗಂಡ ಕರಿಯಾಕ ಬರತಾನು, ಅಂತ."

ನಾನು ಬಿಟ್ಟಿಲ್ಲ. ಈ ಇಡೀ ಒಂದೂವರೆ ತಿಂಗಳು ಮಾಡಿದ್ದೆಲ್ಲ ಅವಳನ್ನು ಕರೆತರುವುದಕ್ಕಾಗಿಯೇ. ಅದು ಅವಳಿಗೆ ಗೊತ್ತಿದೆ ಎಂದುಕೊಂಡಿದ್ದೆ. ಯಾರು ಹೇಳಿದ್ದಾರೆ ಎಂದು ಈಗ ನೆನಪು ಮಾಡಿಕೊಂಡರೆ, ಯಾರೂ ಹೇಳಿಲ್ಲ.

ರೋಷನಬಿ ಹೋದ ಮೇಲೆ ನೋಡಿದರೆ ತಂಬಿಗೆಯಲ್ಲಿ ರೆಜಿನ್ ಗಟ್ಟಿಯಾಗಿತ್ತು. ಬ್ರಷ್ಷು ಅದರಲ್ಲೇ ನೆಟ್ಟಗೆ ನಿಂತಿತ್ತು.

ಅವ್ವ ಒಳಗಿನಿಂದ, "ನಾಳಿನ ಮೊದಲನೇ ಬಸ್ಸಿಗಿ ಹೋಗು. ಉಣ್ಣಾಕ ಕಟ್ಟಿ ಕೊಡತೇನಿ" ಎಂದಳು.


೬ ಜನವರಿ, ಶುಕ್ರವಾರ. ಹೂವಿನ ಹಿಪ್ಪರಗಿ

ಮಾವ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು. ನನ್ನನ್ನು ನೋಡಿ, ನನ್ನ ಹಿಂದೆ ನೋಡಿ, "ಗಾಡಿ ಎಲ್ಲಿ?" ಎಂದರು.

"ಮನ್ಯಾಗ ಐತ್ರಿ ಮಾವ."

"ಮತ್ತ ನೀ ಹ್ಯಾಂಗ ಬಂದಿ?"

"ಬಸ್ಸಿಗಿ ಬಂದೆನ್ರಿ."

ಕೂತಿದ್ದ ಕಂಬಳಿಯ ಮೇಲೆ ಸ್ವಲ್ಪ ಸರಿದರು. ಅಷ್ಟು ಜಾಗದಲ್ಲಿ ಕೂತೆ.

ಸುಂದರವ್ವ ನೀರು ತಂದಳು. ಎಡಗೈ, ತುಂಬಿದ ಕೊಡ ಸೊಂಟದಲ್ಲಿ ಇಟ್ಟುಕೊಂಡವರ ಹಾಗೆ ಅರ್ಧ ಬಾಗಿ ನಿಂತಿತ್ತು. ಕೊಡ ಇರಲಿಲ್ಲ. ಕೈ ಬಹಳ ತೆಳ್ಳಗಾಗಿದೆ, ಕಟ್ಟಿನೊಳಗೆ ಇದ್ದದ್ದಕ್ಕೆ ಬಣ್ಣವೂ ಬೇರೆ. ತಂಬಿಗೆ ತೆಗೆದುಕೊಳ್ಳುವಾಗ ನನ್ನ ಅಂಗೈ ಕಂಡಳು.

"ನಿಮ್ಮ ಕೈಗೇನಾತ್ರಿ?"

"ಸುಟ್ಟಿತು."

"ಯಾವಾಗ?"

"ಛಟ್ಟಿ ಅಮಾಸಿ ಆದ ಮ್ಯಾಲ."

"ಯಾರೂ ನನಗ ಹೇಳs ಇಲ್ಲ" ಎಂದಳು. ತನ್ನ ಎಡಗೈ ಮುಂದೆ ಮಾಡಿ, "ಈ ಕೈ ನೋಡಿ ಬಿಟ್ಟೀರಿ ಅಂದ್ಕೊಂಡಿದ್ದೆ" ಎಂದಳು.

"ಇಲ್ಲ. ಮಡ್‌ಗಾರ್ಡ ಮಾಡಾಕತ್ತಿದ್ದೆ."

"ಏನು?"

"ಮಡ್‌ಗಾರ್ಡ. ಎಡಗಡೆದು."

"ಆತೇನು?"

"ಇಲ್ಲ."

ಅವಳು ನಗಬಹುದು, ಇಲ್ಲ ಬೈಯಬಹುದು ಎಂದುಕೊಂಡೆ. ಎರಡೂ ಮಾಡಲಿಲ್ಲ. ಮಾವ ಹಗ್ಗ ಹೊಸೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು.

"ನಡಿ, ಊರಿಗಿ ಹೋಗೂಣು" ಎಂದೆ.

"ಬಂದು ಏನ ಮಾಡ್ಲಿ? ರೊಟ್ಟಿ ಬಡಿಯಾಕ ಬರಂಗಿಲ್ಲ, ನೀರು ಸೇದಾಕ ಬರಂಗಿಲ್ಲ. ನಾಕ ದಿನ ಅತ್ತಿ ಸುಮ್ನಿರತಾಳ. ಆಮ್ಯಾಲ?"

ದಾರಿಯುದ್ದಕ್ಕೂ ಹಲವು ಮಾತು ಜೋಡಿಸಿಕೊಂಡು ಬಂದಿದ್ದೆ, ಅದರಲ್ಲಿ ಇದಕ್ಕೆ ಹೊಂದುವುದು ಒಂದೂ ಇರಲಿಲ್ಲ.

ಸಂಜೆ ಹುಲಿಗೆವ್ವ ಬಂದಳು. ಒಣಗಿದ ಮೆಣಸಿನಕಾಯಿಯಂಥ ಮುದುಕಿ. "ಕಟ್ಟಿದ್ದು ನಾ, ಬಿಚ್ಚಿದ್ದು ನಾ. ಬಗ್ಗಸೂದು ಮನಿಯವ್ರ ಕೆಲಸ. ದಿನಾ ಬಿಸಿನೀರು ಹಾಕಿ, ಎಣ್ಣಿ ತಿಕ್ಕಿ, ಒಂದೀಟs ಬಗ್ಗಸಬೇಕು. ಆಕಿ ಚೀರಿದ್ರೂ ಬಿಡಬಾರ್ದು, ಜೋರೂ ಮಾಡಬಾರ್ದು. ಇಲ್ಲಿ ಅಪ್ಪ ಅಳತಾನ, ಅವ್ವ ಎದ್ದು ಓಡತಾಳ. ನಿನಗಾಗತೈತೇನು?"

ಗೊತ್ತಿಲ್ಲ ಎಂದೆ. ಅದೇ ನಿಜ.


೯ ಜನವರಿ, ಸೋಮವಾರ. ಎಳ್ಳಮಾವಾಸ್ಯೆ

ಎಲ್ಲರೂ ಬೆಳೆಗೆ ನೈವೇದ್ಯದ ಚರಗ ಚೆಲ್ಲಲು ಹೊಲಕ್ಕೆ ಹೋದರು. ಸುಂದರವ್ವನೂ ಬಂಡಿಯಲ್ಲಿ ಬಂದಳು. ಬಲಗೈಯಿಂದಲೇ ಚರಗ ಚೆಲ್ಲಿದಳು. ಬಂಡಿ ಕುಲುಕಿದಾಗಲೆಲ್ಲ ಬಲಗೈಯಿಂದ ಎಡಗೈಯನ್ನು ಹಿಡಿದುಕೊಳ್ಳುತ್ತಿದ್ದಳು, ಬೇರೆಯವರ ಮಗುವನ್ನು ಹಿಡಿದ ಹಾಗೆ.

ಇಲ್ಲೇ ಉಳಿದು ಮೂರು ದಿನದಿಂದ ಅವಳ ಕೈಯನ್ನು ನಾನೇ ಬಗ್ಗಿಸುತ್ತಿದ್ದೇನೆ. ಬೆಳಿಗ್ಗೆ ಬಗ್ಗಿಸುವಾಗ ಸೆರಗು ಕಚ್ಚಿಕೊಂಡಳು. ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು. ಎಲ್ಲಿಯವರೆಗೆ ಒತ್ತಬಹುದು ಎನ್ನುವುದು ಕೈಗೆ ತಿಳಿಯುತ್ತದೆ: ಮೊದಲು ಸ್ವಲ್ಪ ಸಡಿಲ ಇರುತ್ತದೆ, ಆಮೇಲೆ ಒಳಗೆ ಯಾರೋ ಅಗುಳಿ ಹಾಕಿದ ಹಾಗೆ ನಿಲ್ಲುತ್ತದೆ. ಅಲ್ಲಿ ತಡೆದು, ಉಸಿರು ಬಿಡು ಎಂದು ಹೇಳಿ, ಅವಳು ಉಸಿರು ಬಿಟ್ಟಾಗ ಒಂದು ಎಳೆಯಷ್ಟು ಮುಂದಕ್ಕೆ. ಅವಳಿಗೆ ನೋವಾಗದ ಹಾಗೆ ಮಾಡುವ ದಾರಿ ಇಲ್ಲ. ನಾನೇ ನೋಯಿಸಬೇಕು.

ನನ್ನ ಅಂಗೈ ಬಿರುಸು. ಎಣ್ಣೆ ಹೆಚ್ಚು ಹಚ್ಚಿಕೊಳ್ಳಬೇಕು.


೧೬ ಜನವರಿ

ಸಿಂದಗಿಯಿಂದ ಅವ್ವ ಕಂಡಕ್ಟರನ ಕೈಲಿ ಹೇಳಿ ಕಳಿಸಿದ್ದಾಳೆ. ಅಮೀನುದ್ದೀನ ಬಂದಿದ್ದನಂತೆ. ಡಬ್ಬಿಯಲ್ಲಿ ಉಳಿದ ರೆಜಿನ್ ಹೀಗೇ ಬಿಟ್ಟರೆ ಕೆಡುತ್ತದೆ, ಏನು ಮಾಡಲಿ ಎಂದು ಕೇಳಿದನಂತೆ. ಅವನಿಗೇ ಕೊಟ್ಟುಬಿಡು ಎಂದು ಹೇಳಿ ಕಳಿಸಿದೆ.

ಇಂದು ಸುಂದರವ್ವನ ಬೆರಳು ಎದೆಯ ಮಟ್ಟಕ್ಕೆ ಬಂದವು. ಮಧ್ಯಾಹ್ನ ಮತ್ತೆ ಇಳಿದವು. ಚಳಿಗೆ ಹಾಗೆ ಆಗುತ್ತದೆಯೇ ಎಂದು ಹುಲಿಗೆವ್ವನನ್ನು ಕೇಳಬೇಕು.


೨೨ ಜನವರಿ, ಭಾನುವಾರ

ಹುಲಿಗೆವ್ವ ಕೈ ಹಿಡಿದು ನೋಡಿದಳು. ಬಗ್ಗಿಸಿದಳು, ಹೊರಳಿಸಿದಳು. ಬಹಳ ಹೊತ್ತು ಮೊಣಕೈ ಮೇಲೆ ಹೆಬ್ಬೆಟ್ಟು ಇಟ್ಟುಕೊಂಡು ಕೂತಳು. "ಇಷ್ಟs ಇದು. ಇನ್ನ ಬಗ್ಗಂಗಿಲ್ಲ" ಎಂದಳು.

"ಇನ್ನೊಂದು ತಿಂಗಳು ಮಾಡಿದ್ರ?"

"ವರ್ಷ ಮಾಡು. ಇಷ್ಟs."

ಕೈ ಎದೆಯವರೆಗೆ ಬರುತ್ತದೆ. ಬಾಯಿಗೆ ಬರುವುದಿಲ್ಲ, ತುರುಬಿಗೆ ಬರುವುದಿಲ್ಲ. ಹಸ್ತ ಅಂಗಾತ ಹೊರಳುವುದಿಲ್ಲ. ನಾನು ಕೊಟ್ಟಿಗೆಯ ಹಿಂದೆ ಹೋಗಿ ನಿಂತೆ. ಅಲ್ಲಿ ಮಾವ ಮೊದಲೇ ನಿಂತಿದ್ದರು. ಇಬ್ಬರೂ ಬಣವೆ ನೋಡಿಕೊಂಡು ನಿಂತೆವು. ನನ್ನ ಸಂಗಡ ಅವರು ಮಾತಾಡಿದ್ದು ಇಷ್ಟೇ, "ಈ ವರ್ಷ ಕಣಿಕಿ ಬೇಷ್ ಬಂದೈತಿ."

ಒಳಗೆ ಹೋದರೆ ಸುಂದರವ್ವ ಒಂದೇ ಕೈಯಿಂದ ಸೀರೆ ಮಡಚಿ ಗಂಟು ಕಟ್ಟುತ್ತಿದ್ದಳು. ಗಂಟಿನ ಒಂದು ತುದಿ ಹಲ್ಲಿನಲ್ಲಿತ್ತು.

"ನಾಳೆ ಬೆಳಗಿನ ಬಸ್ಸಿಗಿ ಹೋಗೂಣು" ಎಂದಳು.

"ಅವ್ವಗ ನಾ ಏನರ ಹೇಳತೇನಿ..."

"ನೀವೇನೂ ಹೇಳಬ್ಯಾಡ್ರಿ. ನಾ ಹೇಳತೇನಿ. ಇಲ್ಲಿ ಕುಂತ್ರ ಕೈಯೇನು ಬೆಳಿಯಂಗಿಲ್ಲ."


೨೫ ಜನವರಿ, ಬುಧವಾರ. ಸಿಂದಗಿ

ಬೆಳಿಗ್ಗೆ ಇಂಡಿ ಸ್ಟೇಶನ್ನಿಗೆ ಒಂದು ಬಾಡಿಗೆ ಬಂತು. "ಮಡ್‌ಗಾರ್ಡ ಇಲ್ಲಲ್ರಿ?" ಎಂದರು. ಇಲ್ಲ ಎಂದೆ. ಹತ್ತಿದರು. ದಾರಿಯಲ್ಲಿ ಎಡ ಚಕ್ರ ಹರಳು ಎಗರಿಸುತ್ತದೆ, ನಿಧಾನ ಹೊಡೆಯಬೇಕು.

ಮರಳಿ ಬರುವ ಹೊತ್ತಿಗೆ ಅಡುಗೆಮನೆಯಲ್ಲಿ ಜಗಳ ನಡೆದಿತ್ತು. ಸುಂದರವ್ವ ಬಂದ ದಿನದಿಂದ ಅವ್ವನೇ ರೊಟ್ಟಿ ಬಡಿಯುತ್ತಿದ್ದಳು. ಇಂದು ಸುಂದರವ್ವ ರೊಟ್ಟಿ ಬಡಿಯುವ ಕೊಮ್ಮಣಿಗೆಯ ಮುಂದೆ ಹೋಗಿ ಕೂತುಬಿಟ್ಟಿದ್ದಾಳೆ. ಬಲಗೈ ಬಡಿಯುತ್ತದೆ, ಹಿಟ್ಟು ತಿರುಗಿಸಬೇಕಾದ ಎಡಗೈ ಅಲ್ಲಿಗೆ ಎಟುಕುವುದಿಲ್ಲ. ಎರಡು ರೊಟ್ಟಿ ಹರಿದು ಮುದ್ದೆಯಾಗಿವೆ. ಅವ್ವ ಅವಳ ಎಡಮಗ್ಗುಲಿಗೆ ಕುಕ್ಕರಿಸಿ ಕೂತು ಕೈ ಚಾಚಿದ್ದಾಳೆ.

"ನೀ ಬಡಿ, ನಾ ತಿರುವತೇನಿ."

"ಅಷ್ಟ ಜೋರಾಗಿ ತಿರುಗಸಬ್ಯಾಡ್ರಿ ಅತ್ತಿ, ಹರಿತೈತಿ."

"ನನಗ ಕಲಿಸಾಕ ಬಂದ್ಳು. ನಿನ್ನ ಗಂಡನ್ನ ಸಾಕಿದ್ದು ಇದs ಕೈಲೆ."

"ಅದಕ್ಕs ಹಂಗ ಆಗ್ಯಾರ."

ನಾನು ಬಾಗಿಲಲ್ಲಿ ನಿಂತು, ಏನಾದರೂ ಹಿಡಿಯಲೇ ಎಂದು ಕೇಳಿದೆ. ಇಬ್ಬರೂ ಒಂದೇ ಸಲ, ಹೊರಗೆ ಹೋಗು ಎಂದರು. ಕಟ್ಟೆಯ ಮೇಲೆ ಕೂತೆ. ಬಡಿಯುವ ಸದ್ದು ಕೇಳುತ್ತಿತ್ತು, ತಾಳ ತಪ್ಪುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಸದ್ದು ನಿಂತಾಗಲೆಲ್ಲ ನಾನೂ ಉಸಿರು ಹಿಡಿಯುತ್ತಿದ್ದೆ.

ಕೊನೆಗೆ ಸುಂದರವ್ವ ತಾಟು ತಂದಿಟ್ಟಳು. ಒಳಗೆ ಹೋಗಲಿಲ್ಲ, ಬಾಗಿಲಿಗೆ ಒರಗಿ ನಿಂತಳು. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹಸಿ.

ತಿಂದೆ. ಇನ್ನೊಂದು ಹಾಕು ಎಂದೆ.